ಅವ್ವನ ಗಾಯವನ್ನು ಅವಳು ಅಳೆದಳು

ಅವಳು ನಮ್ಮ ಆಫೀಸಿಗೆ ಸೇರಿದ ಮೊದಲ ತಿಂಗಳಲ್ಲೇ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಅದಕ್ಕೆ ಬೇರೆ ಯಾವುದಾದರೂ ಗೌರವದ ಹೆಸರು ಕೊಡಬಹುದೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬೇಸರ ಅನ್ನಬಹುದಿತ್ತು. ಹಿರಿಯಳಿಗೆ ಸಿಗಬೇಕಾದ ಮರ್ಯಾದೆ ಸಿಗದ ನೋವು ಅನ್ನಬಹುದಿತ್ತು. ಯಾವುದೂ ಹೊಂದಲಿಲ್ಲ. ಹೊಟ್ಟೆಕಿಚ್ಚೇ ಅದು.

ನನ್ನ ಕೆಲಸ ಏನೆಂದು ಮನೆಯವರಿಗೂ ಪೂರ್ತಿ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಯಾವುದೋ ಊರಿನಲ್ಲಿ ಒಬ್ಬ ಮುದುಕನ ಹಿಮ್ಮಡಿಯಲ್ಲಿ ಗಾಯ ಆಗಿರುತ್ತದೆ. ಅವನ ಮನೆಗೆ ತಿಂಗಳು ತಿಂಗಳು ಡ್ರೆಸ್ಸಿಂಗ್ ಸಾಮಾನು ಹೋಗುತ್ತದೆ. ಸ್ಪಂಜಿನಂಥ ಫೋಮ್ ಪಟ್ಟಿ, ಕೀವು ಹೀರುವ ಪಟ್ಟಿ, ಗಾಜ್ ಬಟ್ಟೆ, ಅಂಟುಪಟ್ಟಿ ಇಂಥವು. ವಿಮೆ ಕಂಪನಿ ಅದಕ್ಕೆ ಒಪ್ಪಬೇಕಾದರೆ ಪ್ರತಿಯೊಂದಕ್ಕೂ ಒಂದು ಕೋಡ್ ಬೇಕು. ಯಾವ ಬಗೆಯ ಪಟ್ಟಿ, ಎಷ್ಟು ದೊಡ್ಡದು, ಸುತ್ತ ಅಂಟುವ ಅಂಚು ಇದೆಯೋ ಇಲ್ಲವೋ, ಎಷ್ಟು ಗಾಯಕ್ಕೆ, ಎಷ್ಟು ದಿನಕ್ಕೊಮ್ಮೆ ಬದಲಾಯಿಸುವುದು ಎಂಬುದನ್ನೆಲ್ಲ ಡಾಕ್ಟರರ ಚೀಟಿ ಮತ್ತು ನರ್ಸಿನ ಟಿಪ್ಪಣಿ ಓದಿ ತಿಳಿದುಕೊಂಡು ಆ ಕೋಡ್ ಹಾಕುವವರು ನಾವು, ಹೈದರಾಬಾದಿನ ಗಚ್ಚಿಬೌಲಿಯ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ಕುಳಿತವರು. ಕೋಡ್ ತಪ್ಪಿದರೆ ಕ್ಲೇಮು ವಾಪಸ್ ಬರುತ್ತದೆ, ಅಲ್ಲಿ ಮುದುಕನಿಗೆ ಪಟ್ಟಿ ತಡವಾಗುತ್ತದೆ.

ಆ ಮಹಡಿಯಲ್ಲಿ ಗಾಯವನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಹತ್ತನೇ ತರಗತಿಯವರೆಗೆ ಯಾದಗಿರಿ ಕಡೆಯ ಅಜ್ಜಿಯ ಊರಿನಲ್ಲಿ ಓದಿ, ಹೈದರಾಬಾದಿಗೆ ಬಂದು ನರ್ಸಿಂಗ್ ಕಲಿತು, ಸಿಕಂದರಾಬಾದಿನ ಒಂದು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಹನ್ನೊಂದು ವರ್ಷ ನಿಂತಿದ್ದೆ. ನಿಂತು ನಿಂತು ಕಾಲಿನ ನರ ಉಬ್ಬಿದವು. ಡಾಕ್ಟರು ಕೂತು ಮಾಡುವ ಕೆಲಸ ನೋಡಿಕೋ ಅಂದರು. ಕೋಡಿಂಗ್ ಪರೀಕ್ಷೆ ಕಟ್ಟಿದೆ. ಇಂಗ್ಲಿಷ್ ನನಗೆ ಸಲೀಸಲ್ಲ, ಎರಡನೇ ಸಲಕ್ಕೆ ಪಾಸಾದೆ. ಆದರೆ ಕೆಲಸಕ್ಕೆ ಕೂತ ಮೇಲೆ ಹುಡುಗರೆಲ್ಲ ನನ್ನ ಸೀಟಿನ ಹತ್ತಿರ ಬರತೊಡಗಿದರು. 'ಸಿಸ್ಟರಮ್ಮಾ, ಈ ನರ್ಸು ಬರೆದದ್ದು ಏನು? ಗಾಯದ ಸುತ್ತ ಚರ್ಮ ಮೆತ್ತಗಾಗಿದೆ ಅಂದರೆ ಏನು?' ನಾನು ಕೈಯಾಡಿಸಿ ತೋರಿಸಿ ಹೇಳುತ್ತಿದ್ದೆ. ಅವರ ಮುಖದಲ್ಲಿ ಒಂದು ಬಗೆಯ ಭಯಭಕ್ತಿ ಕಾಣುತ್ತಿತ್ತು. ಅದು ನನಗೆ ಬಹಳ ರುಚಿಸಿತ್ತು.

ಹೀಗಿರುವಾಗ ಅವಳು ಬಂದಳು. ಉಡುಪಿ ಕಡೆಯ ಹುಡುಗಿ, ಇಪ್ಪತ್ನಾಲ್ಕು ವರ್ಷ, ಬಯೋಟೆಕ್ನಾಲಜಿ ಓದಿದವಳು. ನನ್ನ ಪಕ್ಕದ ಸೀಟು ಕೊಟ್ಟರು. ಮೊದಲ ದಿನ ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದುದನ್ನು ಕೇಳಿ ಕುರ್ಚಿಯನ್ನೇ ತಿರುಗಿಸಿದಳು.

"ಅಯ್ಯೋ, ನೀವು ಕನ್ನಡದವರಾ ಅಕ್ಕ! ನಾನು ಇಲ್ಲಿ ಹಿಂದಿ ಮಾತಾಡಿ ಮಾತಾಡಿ ಸುಸ್ತಾಗಿದ್ದೆ."

ಅಂದಿನಿಂದ ಊಟಕ್ಕೆ ನನ್ನ ಜೊತೆಗೇ ಬರುತ್ತಿದ್ದಳು. ಡಬ್ಬಿ ತೆರೆದು ಮೊದಲು ನನ್ನ ಮುಂದೆ ಹಿಡಿಯುತ್ತಿದ್ದಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವಳ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಒಂದೊಂದು ಬಗೆಯ ಪಟ್ಟಿಗೂ ಒಂದೊಂದು ಪುಟ. ಯಾವ ಗಾಯಕ್ಕೆ ಯಾವುದು ಕೊಡಬಾರದು, ತಿಂಗಳಿಗೆ ಎಷ್ಟಕ್ಕಿಂತ ಹೆಚ್ಚು ಕೇಳಿದರೆ ವಿಮೆಯವರು ಪ್ರಶ್ನಿಸುತ್ತಾರೆ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ನಾನು ವರ್ಷಗಟ್ಟಲೆ ತಡಕಾಡಿ ಕಲಿತದ್ದನ್ನು ಅವಳು ಆರು ವಾರಕ್ಕೆ ಕಲಿತಳು. ಇಂಗ್ಲಿಷ್ ಟಿಪ್ಪಣಿಯನ್ನು ನಾನು ಬೆರಳಿಟ್ಟು ಎರಡು ಸಲ ಓದುವುದರೊಳಗೆ ಅವಳು ಕೆಳಗಿನ ಸಾಲಿಗೆ ಹೋಗಿರುತ್ತಿದ್ದಳು. ಮೂರನೇ ತಿಂಗಳು ಆಫೀಸಿನ ಬೋರ್ಡಿನ ಮೇಲೆ ತಪ್ಪಿಲ್ಲದ ಕೆಲಸಕ್ಕೆ ಅವಳ ಹೆಸರು ಬಂತು. ಅದೇ ಜಾಗದಲ್ಲಿ ಅದಕ್ಕೆ ಮೊದಲು ನನ್ನ ಹೆಸರು ಇತ್ತು.

ಒಂದು ಮಧ್ಯಾಹ್ನ ನಾನು ಒಂದು ಚಾರ್ಟು ಹಿಡಿದು ಟೀಮ್ ಲೀಡ್ ಹತ್ತಿರ ಹೋದೆ. ಅವನು ವರಂಗಲ್ ಕಡೆಯವನು, ಒಳ್ಳೆಯವನೇ. ತಲೆಯೆತ್ತದೆ, "ಸಿಸ್ಟರಮ್ಮಾ, ಆ ಅಮ್ಮಾಯಿನಿ ಅಡಗಂಡಿ," ಅಂದ. ಆ ಹುಡುಗಿಯನ್ನು ಕೇಳಿ ಅಂತ. ಅವನಿಗೆ ಅದು ಮಾತೇ ಅಲ್ಲ, ನನಗೆ ಮಾತ್ರ ಮುಖಕ್ಕೆ ನೀರು ಎರಚಿದ ಹಾಗಾಯಿತು. ನಾನು ಸೀಟಿಗೆ ವಾಪಸ್ ಬಂದೆ. ಅವಳನ್ನು ಕೇಳಲಿಲ್ಲ. ಆ ಚಾರ್ಟನ್ನು ಗೊತ್ತಿದ್ದಷ್ಟರಲ್ಲೇ ಮುಗಿಸಿ ಕಳಿಸಿದೆ.

ಸಂಜೆ ಆಫೀಸಿನ ಹತ್ತಿರದ ರಾಯದುರ್ಗ ಸ್ಟೇಷನ್ನಿನಿಂದ ಹಬ್ಸಿಗುಡಕ್ಕೆ ಮೆಟ್ರೋದಲ್ಲಿ ನಿಂತು ಬರುವಾಗ ಅವಳದೇ ಯೋಚನೆ. ಅವಳ ಬಗ್ಗೆ ತೆಗೆಯಬಹುದಾದ ತಪ್ಪುಗಳನ್ನೆಲ್ಲ ಹುಡುಕುತ್ತಿದ್ದೆ. ಜೋರಾಗಿ ನಗುತ್ತಾಳೆ. ಕೂದಲು ಬಿಟ್ಟುಕೊಂಡು ಬರುತ್ತಾಳೆ. ಒಂದು ದಿನವೂ ಒಬ್ಬ ರೋಗಿಯ ಮೈ ಮುಟ್ಟಿದವಳಲ್ಲ, ಆದರೂ ಗಾಯ, ಗಾಯ ಅಂತ ನೋಟ್‌ಬುಕ್ ತುಂಬಿಸಿದ್ದಾಳೆ. ಈ ಕೊನೆಯದು ನನಗೆ ಬಹಳ ಸಮಾಧಾನ ಕೊಡುತ್ತಿತ್ತು. ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ.

ಮನೆ ಹಬ್ಸಿಗುಡದ ಪಕ್ಕದ ನಾಚಾರಂನಲ್ಲಿ. ನನ್ನ ಗಂಡ ಅಲ್ಲಿಯ ಇಂಡಸ್ಟ್ರಿಯಲ್ ಏರಿಯಾದ ಬಾಟಲಿ ಮುಚ್ಚಳ ಮಾಡುವ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಾರೆ. ನಮ್ಮ ಜೊತೆ ಅವ್ವ ಇದ್ದಾಳೆ. ಅವ್ವ ಅಪ್ಪನ ಜೊತೆ ಈ ಊರಿಗೆ ಕಟ್ಟಡದ ಕೆಲಸಕ್ಕೆ ಬಂದವಳು. ಇಪ್ಪತ್ತು ವರ್ಷ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಅಪ್ಪ ತೀರಿಕೊಂಡ ಮೇಲೂ ಬಿಡಲಿಲ್ಲ, ನನ್ನ ನರ್ಸಿಂಗ್ ಮುಗಿಯುವವರೆಗೂ ಹೊತ್ತಳು. ಈಗ ಅವಳಿಗೆ ಶುಗರ್. ಪಾದದಲ್ಲಿ ಸ್ಪರ್ಶವೇ ಇಲ್ಲ. ಚಪ್ಪಲಿಯೊಳಗೆ ಸೇರಿದ್ದ ಒಂದು ಸಣ್ಣ ಕಲ್ಲು ದಿನವಿಡೀ ಒತ್ತಿದ್ದು ಅವಳಿಗೆ ತಿಳಿಯಲಿಲ್ಲ, ಬಲಗಾಲಿನ ಎರಡನೇ ಬೆರಳಿನ ಬುಡದಲ್ಲಿ ಅಂಗಾಲಿಗೆ ಗಾಯವಾಯಿತು. ಅದಕ್ಕೆ ದಿನಾ ಬೆಳಿಗ್ಗೆ ನಾನೇ ಪಟ್ಟಿ ಕಟ್ಟುತ್ತಿದ್ದೆ. ಮೇಲಿನಿಂದ ನೋಡಿದರೆ ಬರುಬರುತ್ತಾ ಕಿರಿದಾಗುತ್ತಿತ್ತು. ಸಾವಿರ ಗಾಯ ಕಟ್ಟಿದ ಕೈ ನನ್ನದು ಎಂದು ನನಗೆ ಧೈರ್ಯ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ಅಂಟುವ ಅಂಚಿರುವ ಫೋಮ್ ಪಟ್ಟಿಯಲ್ಲಿ ನಡುವೆ ಸ್ಪಂಜು ಇರುತ್ತದೆ, ಸುತ್ತ ಒಂದಿಂಚು ಬರೀ ಅಂಟು. ಕೋಡ್ ಹಾಕುವಾಗ ನಡುವಿನ ಸ್ಪಂಜಿನ ಅಳತೆ ಮಾತ್ರ ಹಿಡಿಯಬೇಕು, ಅಂಚನ್ನು ಬಿಡಬೇಕು. ಆ ವಾರ ಹೊಸ ಸರಬರಾಜುದಾರನೊಬ್ಬನ ಕ್ಲೇಮುಗಳು ಬರಲು ಶುರುವಾಗಿದ್ದವು. ಅವನ ಪಟ್ಟಿಯ ಹೆಸರಿನಲ್ಲೇ ಆರಿಂಚು ಎಂದು ಬರೆದಿತ್ತು. ಅದು ಅಂಚೂ ಸೇರಿಸಿದ ಅಳತೆ. ಒಳಗಿನ ಸ್ಪಂಜು ನಾಲ್ಕೇ ಇಂಚು. ಅವಳು ಹೊರಗಿನ ಅಳತೆ ಹಿಡಿದು, ದೊಡ್ಡ ಪಟ್ಟಿಯ ಕೋಡ್ ಹಾಕಿಬಿಟ್ಟಿದ್ದಳು. ಒಂದು ಪಟ್ಟಿಯನ್ನೂ ಕೈಯಲ್ಲಿ ಹಿಡಿಯದವಳಿಗೆ ಅಂಚು ಬೇರೆ ಸ್ಪಂಜು ಬೇರೆ ಎಂಬುದು ಹೇಗೆ ಹೊಳೆಯಬೇಕು?

ನನಗೆ ಸೋಮವಾರವೇ ಗೊತ್ತಾಯಿತು. ಯಾವುದೋ ಹಳೆಯ ಚಾರ್ಟು ಹುಡುಕುವಾಗ ಅವಳ ಫೈಲು ತೆರೆದೆ. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲೂ ಇದೆಯೇ ಎಂದು ಎರಡನೆಯದು ತೆರೆದೆ, ಮೂರನೆಯದು ತೆರೆದೆ. ಎಲ್ಲದರಲ್ಲೂ ಅದೇ ತಪ್ಪು. ಅವಳು ಪಕ್ಕದಲ್ಲೇ ಕೂತು ಏನೋ ಗುನುಗುತ್ತಾ ಇನ್ನೊಂದಕ್ಕೆ ಅದೇ ಕೋಡ್ ಹಾಕುತ್ತಿದ್ದಳು. ಕೈ ಚಾಚಿದರೆ ಅವಳ ಭುಜ ಸಿಗುತ್ತಿತ್ತು. 'ಏ, ಅಂಚು ಬಿಡಬೇಕು' ಎಂಬ ಮೂರು ಮಾತು ಸಾಕಿತ್ತು.

ನಾನು ಫೈಲು ಮುಚ್ಚಿ ಟೀ ಕುಡಿಯಲು ಹೋದೆ.

ಆ ಐದು ದಿನ ನಾನು ಬಹಳ ಪ್ರೀತಿಯಿಂದ ಇದ್ದೆ. ಅವಳಿಗೆ ಪುಂಡಿಪಲ್ಯ ಇಷ್ಟ, ಇಲ್ಲಿಯವರ ಗೋಂಗೂರ, ಅದನ್ನು ಮಾಡಿ ಒಯ್ದೆ. ಒಳಗೊಳಗೇ ಒಂದು ಹಿತವಾದ ಕಾವು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಆಗ ಅದು ಹಿತವಾಗಿಯೇ ಇತ್ತು.

ಶುಕ್ರವಾರ ಆಡಿಟ್‌ನವರು ಹಿಡಿದರು. ಮ್ಯಾನೇಜರು ಎಲ್ಲರ ಎದುರಿಗೆ ದೊಡ್ಡ ಪರದೆಯ ಮೇಲೆ ಅವಳ ಚಾರ್ಟುಗಳನ್ನು ಹಾಕಿ ತೋರಿಸಿದರು. ಒಂದು ವಾರದ ಕೆಲಸವನ್ನೆಲ್ಲ ವಾಪಸ್ ತೆಗೆದು ತಿದ್ದಬೇಕಾಯಿತು. ಅವಳು ಎದ್ದು ನಿಂತು, ತಪ್ಪು ತನ್ನದೇ, ಬೇರೆ ಯಾರದೂ ಅಲ್ಲ ಅಂದಳು. ಮುಖ ಕುತ್ತಿಗೆಯವರೆಗೆ ಕೆಂಪಾಗಿತ್ತು. ನಾನು ನೆಲ ನೋಡುತ್ತಾ ಕೂತಿದ್ದೆ. ಅಂದು ಅವಳು ಊಟಕ್ಕೆ ಬರಲಿಲ್ಲ. ಶನಿವಾರ ಬಂದು ಕೂತು ತಿದ್ದಿದಳು. ಸೋಮವಾರ, ಮಂಗಳವಾರ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಅವಮಾನವಾಗಿದೆ, ಪಾಪ, ಅಂದುಕೊಂಡೆ.

ಬುಧವಾರ ಕುರ್ಚಿ ತಿರುಗಿಸಿದಳು.

"ಅಕ್ಕ, ನಾನೊಂದು ಗಾಯ ನೋಡಬೇಕು."

"ಏನಂದಿ?"

"ನಿಜವಾದ ಗಾಯ. ಪಟ್ಟಿ ಕಟ್ಟುವುದನ್ನು ನೋಡಬೇಕು. ಒಮ್ಮೆ ನೋಡಿದರೆ ನಾನು ಈ ಅಂಚಿನ ತಪ್ಪು ಮಾಡ್ತಿರಲಿಲ್ಲ. ನಿಮ್ಮ ಅಮ್ಮನ ಕಾಲಿಗೆ ಉಂಟಲ್ಲ, ಅವರು ಬೇಜಾರು ಮಾಡದಿದ್ದರೆ ನಾನು ಬರ್ಲಾ?"

ನನಗೆ ಮೊದಲು ಹೊಳೆದದ್ದು ಡ್ರೆಸ್ಸಿಂಗ್ ರೂಮಿಗೆ ಹೊಸದಾಗಿ ಬರುತ್ತಿದ್ದ ವಿದ್ಯಾರ್ಥಿನಿಯರು. ಪಟ್ಟಿ ಬಿಚ್ಚುತ್ತಿದ್ದಂತೆ ವಾಸನೆಗೆ ಬಿಳಿಚಿಕೊಂಡು ಗೋಡೆ ಹಿಡಿಯುತ್ತಿದ್ದವರು. ಇವಳೂ ಹಾಗೇ ಗೋಡೆ ಹಿಡಿಯುವುದನ್ನು ನೋಡಬೇಕು ಅನ್ನಿಸಿತು. ನೋಟ್‌ಬುಕ್ಕಿನಲ್ಲಿ ಬರೆದ ಹಾಗಲ್ಲ ತಂಗಿ ಗಾಯ ಅಂದರೆ.

"ಬಾ, ಭಾನುವಾರ ಮುಂಜಾನೆ ಬಾ," ಅಂದೆ.

ಭಾನುವಾರ ಒಂಬತ್ತಕ್ಕೆ ಬಂದಳು, ಕೂದಲು ಬಿಗಿಯಾಗಿ ಕಟ್ಟಿಕೊಂಡು, ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು. ಶುಗರ್ ಇರುವವರಿಗೆ ಬಾಳೆಹಣ್ಣು ತಂದಿದ್ದಾಳೆ ಎಂದು ನನಗೆ ಖುಷಿಯೇ ಆಯಿತು. ಅವ್ವ ಕಿಟಕಿಯ ಹತ್ತಿರ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ನಮಸ್ಕಾರ ಅಮ್ಮ. ಹೇಗಿದ್ದೀರಿ? ಕಾಲು ನೋವುಂಟಾ?"

ಅವ್ವ ಕಣ್ಣರಳಿಸಿ ನನ್ನ ಕಡೆ ನೋಡಿದಳು. "ಏನ್ ಚಂದ ಮಾತಾಡತೈತಿ ಈ ಕೂಸು! ಪುಸ್ತಕ ಓದಿದಂಗ." ಆಮೇಲೆ ಅವಳಿಗೆ, "ನೋವು ಎಲ್ಲಿ ಬಂತವ್ವಾ, ಮರದ ಕಾಲು ಆಗೈತಿ. ಕುಂದ್ರು, ಇಲ್ಲೇ ಕುಂದ್ರು ಬಾ," ಎಂದು ಮಂಚದ ಮೇಲೆ ಜಾಗ ಮಾಡಿಕೊಟ್ಟಳು.

ನಾನು ನೆಲದ ಮೇಲೆ ಕೂತು ಕೈಗವಸು ಹಾಕಿಕೊಂಡು ಪಟ್ಟಿ ಬಿಚ್ಚಿದೆ. ಬೇಕೆಂದೇ ನಿಧಾನವಾಗಿ ಬಿಚ್ಚಿದೆ. ಅವಳ ಮುಖ ನೋಡುತ್ತಿದ್ದೆ. ಅವಳು ಒಮ್ಮೆ ಉಗುಳು ನುಂಗಿದಳು, ಅಷ್ಟೇ. ಮಂಚದಿಂದ ಇಳಿದು ನನ್ನ ಪಕ್ಕ ಮಂಡಿಯೂರಿದಳು. ಅವ್ವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, "ಅಮ್ಮ, ನಾನು ಮುಟ್ಟಿದ್ದು ಗೊತ್ತಾಗ್ತದಾ?" ಎಂದು ಕೇಳಿದಳು.

"ಇಲ್ಲವ್ವ, ಏನೂ ಗೊತ್ತಾಗಂಗಿಲ್ಲ."

"ಎಷ್ಟು ವರ್ಷ ಆಯ್ತು ಹೀಗೆ?"

ಅವ್ವ ಹೇಳತೊಡಗಿದಳು. ಒಂದು ಸಲ ಬಿಸಿ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು, ಬೊಬ್ಬೆ ಎದ್ದ ಮೇಲೆ ತನಗೆ ತಿಳಿದದ್ದು. ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವಾಗ ಪಾದ ಎಲ್ಲಿ ಊರಿದೆ ಎಂದು ಬಗ್ಗಿ ನೋಡಿಕೊಳ್ಳಬೇಕಾಗುತ್ತಿದ್ದದ್ದು. ಇವನ್ನು ಅವಳು ನನಗೆ ಒಂದು ದಿನವೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ನಾನು ದಿನಾ ಐದು ನಿಮಿಷದಲ್ಲಿ ಪಟ್ಟಿ ಕಟ್ಟಿ ಮೆಟ್ರೋಗೆ ಓಡುವವಳು. ಈ ಹುಡುಗಿಗೆ ಹತ್ತು ನಿಮಿಷದಲ್ಲಿ ಅವ್ವ ಎಲ್ಲ ಹೇಳುತ್ತಿದ್ದಾಳೆ! ಮೈಯೆಲ್ಲ ಉರಿಯಿತು.

"ಆಯ್ತಲ್ಲ, ನೋಡಿದಿಯಲ್ಲ? ಕಟ್ಟಿಬಿಡ್ತೀನಿ," ಅಂದೆ.

"ಒಂದು ನಿಮಿಷ ಅಕ್ಕ." ಚೀಲದಿಂದ ಕಾಗದದ ಒಂದು ಅಳತೆಪಟ್ಟಿ ತೆಗೆದಳು. ಗಾಯಕ್ಕೆ ತಾಗಿಸದೆ ಮೇಲೆ ಹಿಡಿದು ಉದ್ದ ನೋಡಿದಳು, ಅಗಲ ನೋಡಿದಳು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ಆಳ ಎಷ್ಟು ಅಂತ ಬರೆಯುವುದು?"

"ಆಳ ಏನಿಲ್ಲ. ಮ್ಯಾಲಿಂದ ಮುಚ್ಚಾಕತ್ತೈತಿ, ಕಾಣಂಗಿಲ್ಲೇನು?"

"ಕಾಣ್ತದೆ. ಆದರೆ ಚಾರ್ಟಿನಲ್ಲಿ ಆಳ ಬರೆಯದಿದ್ದರೆ ನಾವು ಕ್ಲೇಮ್ ಮುಂದೆ ಕಳಿಸುವುದಿಲ್ಲ ಅಲ್ವಾ? ಮತ್ತೆ ಈ ಮೇಲಿನ ಕಡೆ, ಗಡಿಯಾರದ ಹನ್ನೆರಡು ಅಂತ ಬರೀತಾರಲ್ಲ, ಅಲ್ಲಿ ಚರ್ಮ ಬೆಳ್ಳಗಾಗಿ ಸ್ವಲ್ಪ ಎದ್ದ ಹಾಗೆ ಉಂಟು. ಅಡಿಯಲ್ಲಿ ಟೊಳ್ಳು ಇರಬಹುದಾ?"

ನನಗೆ ಕೇಳಿದ್ದು ಇಷ್ಟೇ: ಒಂದು ಗಾಯವನ್ನೂ ಕಾಣದ ಹುಡುಗಿ, ನನ್ನ ಮನೆಯಲ್ಲಿ, ನನ್ನ ಅವ್ವನ ಎದುರಿಗೆ, ನನಗೆ ಗಾಯ ಕಲಿಸುತ್ತಿದ್ದಾಳೆ. ಅವಳ ಬಾಯಿ ಮುಚ್ಚಿಸಲೆಂದೇ ಸ್ಟೆರೈಲ್ ಹತ್ತಿಕಡ್ಡಿಯ ಪಾಕೀಟು ಒಡೆದೆ. "ನೋಡು ಇಲ್ಲೇ," ಎಂದು ಆ ಬೆಳ್ಳನೆಯ ಅಂಚಿನ ಕೆಳಗೆ ಕಡ್ಡಿಯ ತುದಿ ಇಟ್ಟೆ.

ಕಡ್ಡಿ ಒಳಗೆ ಹೋಯಿತು. ನಾನು ಒತ್ತಲಿಲ್ಲ, ಅದೇ ಹೋಯಿತು. ಅರ್ಧ ಇಂಚು, ಇನ್ನೂ ಸ್ವಲ್ಪ, ಆಮೇಲೆ ಏನೋ ಗಟ್ಟಿಯಾದದ್ದು ತಾಗಿ ನಿಂತಿತು. ಕಲ್ಲಿನ ಹಾಗೆ ಗಟ್ಟಿ. ಅದರ ಅರ್ಥ ಏನೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದು ಎಲುಬು. ಗಾಯ ಮೇಲಿನಿಂದ ಮುಚ್ಚುತ್ತಾ ಕೆಳಗೆ ಎಲುಬಿನವರೆಗೆ ಕೊರೆದುಕೊಂಡು ಹೋಗಿತ್ತು. ನಾನು ದಿನಾ ಅದರ ಮೇಲೆ ಚೊಕ್ಕಟವಾಗಿ ಪಟ್ಟಿ ಕಟ್ಟುತ್ತಿದ್ದೆ.

ನಾನು ಕಡ್ಡಿ ಹೊರಗೆ ತೆಗೆದು ಅದರ ತುದಿಯನ್ನೇ ನೋಡುತ್ತಿದ್ದುದನ್ನು ಅವ್ವ ನೋಡಿದಳು. "ಏನಾತು?"

"ಏನಿಲ್ಲ. ದವಾಖಾನಿಗೆ ಹೋಗಿ ತೋರಿಸ್ಕೊಂಡು ಬರೋಣು."

ಗಂಡನಿಗೆ ಆವತ್ತು ಡ್ಯೂಟಿ ಇತ್ತು. ಅವಳೇ ಕೆಳಗಿಳಿದು ಆಟೋ ತಂದಳು. ಅವ್ವನನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಅವಳು ಹಿಡಿದು ಇಳಿಸಿದೆವು. ಸಿಕಂದರಾಬಾದಿನಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಹೋದೆವು. ಆಟೋದಲ್ಲಿ ಅವ್ವ ಅವಳ ಕೈ ಹಿಡಿದುಕೊಂಡಿದ್ದಳು, ನನ್ನದಲ್ಲ. ಅವ್ವನ ಕಾಲು ಹೋಗಬಹುದು ಎಂಬ ಭಯದ ನಡುವೆಯೂ ನನ್ನ ಕಣ್ಣು ಆ ಎರಡು ಕೈಗಳ ಮೇಲೇ ಇತ್ತು. ಎಂಥ ಹೊತ್ತಿನಲ್ಲಿ ಎಂಥ ಬುದ್ಧಿ!

ಎಕ್ಸ್‌ರೇ ತೆಗೆದರು. ಸರ್ಜನ್ ನನ್ನನ್ನು ಗುರುತು ಹಿಡಿದರು. ಹಳೆಯ ಸಿಸ್ಟರ್ ಎಂದು ಸಲಿಗೆಯಿಂದಲೇ ಬೈದರು. "ನೀವೇ ಹೀಗೆ ಮಾಡಿದರೆ ಹೇಗಮ್ಮಾ? ಎರಡನೇ ಬೆರಳಿನ ಎಲುಬು ಕೊಳೆತಿದೆ. ಬೆರಳು ತೆಗೆಯಬೇಕು. ಪಾದ ಉಳಿಯುತ್ತದೆ. ಇನ್ನೂ ತಡ ಮಾಡಿದ್ದರೆ ಅದನ್ನೂ ಹೇಳಲಾಗುತ್ತಿರಲಿಲ್ಲ. ಆಳ ಇದೆ ಅಂತ ಹೇಗೆ ಗೊತ್ತಾಯಿತು?"

ನಾನು ಬಾಯಿ ತೆರೆದೆ. 'ನಾನೇ ಕಡ್ಡಿ ಹಾಕಿ ನೋಡಿದೆ' ಅನ್ನುವ ಮಾತು ತುದಿನಾಲಿಗೆಯಲ್ಲಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಅವಳು ಬಾಗಿಲ ಹತ್ತಿರ ಅವ್ವನ ಚಪ್ಪಲಿ ಹಿಡಿದು ನಿಂತಿದ್ದಳು.

"ಈ ಹುಡುಗಿ ಕೇಳಿದಳು ಸಾರ್," ಅಂದೆ. ಅಷ್ಟು ಹೇಳಲು ನನಗೆ ಬಹಳ ಕಷ್ಟವಾಯಿತು.

ಆಪರೇಷನ್ ಮಂಗಳವಾರ ಬೆಳಿಗ್ಗೆ. ಗಂಡ ಔಷಧಿ ಅಂಗಡಿಯ ಸಾಲಿನಲ್ಲಿದ್ದರು. ಅವಳು ರಜೆ ಹಾಕಿ ಬಂದಿದ್ದಳು. ಥಿಯೇಟರಿನ ಹೊರಗೆ ಸ್ಟೀಲ್ ಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದೆವು. ಅವಳು ನನ್ನ ಕಡೆ ನೋಡದೆಯೇ ಹೇಳಿದಳು.

"ಅಕ್ಕ, ಆ ಆರಿಂಚಿನ ಪಟ್ಟಿಯ ಫೈಲುಗಳನ್ನು ನೀವು ಸೋಮವಾರವೇ ತೆರೆದಿದ್ರಿ."

ನಾನು ಥಿಯೇಟರಿನ ಬಾಗಿಲ ಕಡೆ ಮುಖ ತಿರುಗಿಸಿದೆ.

"ಯಾರು ಯಾವ ಫೈಲು ಎಷ್ಟು ಹೊತ್ತಿಗೆ ತೆರೆದರು ಅಂತ ಸಿಸ್ಟಮ್‌ನಲ್ಲಿ ಬರ್ತದೆ. ಶನಿವಾರ ತಿದ್ದಲಿಕ್ಕೆ ಕೂತಾಗ ನೋಡಿದೆ. ಮೂರು ಫೈಲಿನಲ್ಲಿ ನಿಮ್ಮ ಹೆಸರು ಇತ್ತು. ಅಂಚಿನ ವಿಷಯ ನಿಮಗೆ ಗೊತ್ತಿಲ್ಲದೆ ಇರಲಿಕ್ಕೆ ಸಾಧ್ಯವೇ ಇಲ್ಲ. ಎರಡು ದಿನ ಅತ್ತಿದ್ದೆ. ರೂಮ್‌ಮೇಟ್ ಹತ್ತಿರವೂ ಹೇಳಲಿಲ್ಲ."

"ಗೊತ್ತಿದ್ದೂ ನಮ್ಮ ಮನಿಗೆ ಯಾಕ ಬಂದಿ?"

"ಗಾಯ ನೋಡಬೇಕಿತ್ತು. ತೋರಿಸುವವರು ಬೇರೆ ಯಾರಿದ್ದಾರೆ ನನಗೆ?" ಈಗ ಮುಖ ತಿರುಗಿಸಿದಳು. ಕಣ್ಣಲ್ಲಿ ಸಿಟ್ಟು ಇತ್ತು. "ನಾನು ನಿಮಗೆ ಎಂತ ಮಾಡಿದ್ದೇನೆ ಅಕ್ಕ?"

ನಾನು ಹೇಳಲು ಒಂದು ಸುಳ್ಳು ಹುಡುಕಿದೆ. ಸಿಗಲಿಲ್ಲ. "ಏನೂ ಮಾಡಿಲ್ಲ. ನೀ ಭಾಳ ಶಾಣ್ಯಾಕಿ ಅದಿ. ನನಗ ಹೊಟ್ಟಿಕಿಚ್ಚು. ಅದಕ್ಕ ಹೇಳಲಿಲ್ಲ," ಅಂದೆ.

ಅವಳು ಕ್ಷಮಿಸಿದೆ ಎನ್ನಲಿಲ್ಲ, ನನ್ನ ಕೈ ಹಿಡಿಯಲಿಲ್ಲ. ಎದ್ದು ಹೋದಳು. ಇನ್ನು ಬರುವುದಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎರಡು ಲೋಟ ಚಹಾ ಹಿಡಿದುಕೊಂಡು ಬಂದು, ಒಂದನ್ನು ನನ್ನ ಪಕ್ಕ ಬೆಂಚಿನ ಮೇಲೆ ಇಟ್ಟು, ತಾನು ಒಂದು ಸೀಟು ಬಿಟ್ಟು ಕೂತಳು. ಇಬ್ಬರೂ ಚಹಾ ಕುಡಿದೆವು.

ಅರಿವಳಿಕೆಯ ಮತ್ತು ಇಳಿದ ಮೇಲೆ ಅವ್ವ ಮೊದಲು ಕೇಳಿದ್ದು, "ಆ ಕೂಸು ಎಲ್ಲೈತಿ? ಉಂಡಾಳೇನು?"

ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಈ ಸಲ ನಾನು ವಾರಕ್ಕೊಮ್ಮೆ ಅಳತೆ ಮಾಡಿದೆ. ಉದ್ದ, ಅಗಲ, ಆಳ ಎಲ್ಲ ಬರೆದಿಟ್ಟೆ. ಬೆರಳಿನ ಜಾಗ ಬರಿದಾಗಿದೆ, ಅವ್ವ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಓಡಾಡುತ್ತಾಳೆ.

ಆ ನಡುವೆ ನಮ್ಮ ಟೀಮ್ ಲೀಡ್ ಬೇರೆ ಕಂಪನಿಗೆ ಹೋದ. ಆ ಜಾಗಕ್ಕೆ ನಾನೂ ಅರ್ಜಿ ಹಾಕಿದೆ, ಅವಳೂ ಹಾಕಿದಳು. ಅವಳಿಗೆ ಸಿಕ್ಕಿತು. ನ್ಯಾಯವಾಗಿಯೇ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತೆ. ಆಸ್ಪತ್ರೆಯ ಬೆಂಚಿನ ಮೇಲೆ ಬಾಯಿಬಿಟ್ಟು ಹೇಳಿದ ಮೇಲೆ ಹೊಟ್ಟೆಕಿಚ್ಚು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ. ಮುಚ್ಚಿಡುವ ಕಷ್ಟ ಮಾತ್ರ ತಪ್ಪಿತು.

ಲೀಡ್ ಆದ ಎರಡನೇ ವಾರ ಅವಳು ನನ್ನನ್ನು ಕರೆದು, ಹೊಸದಾಗಿ ಸೇರಿದವರಿಗೆ ನಿಜವಾದ ಪಟ್ಟಿಗಳನ್ನು ತಂದು ತೋರಿಸಿ ಪಾಠ ಮಾಡಬೇಕು ಅಂದಳು. "ಆಗಂಗಿಲ್ಲ," ಅಂದೆ. ಅವಳ ಕೈಯಿಂದ ಬಂದದ್ದು ನನಗೆ ಬೇಡವಾಗಿತ್ತು. ಅವಳು ಒತ್ತಾಯ ಮಾಡಲಿಲ್ಲ. ಮೂರು ದಿನ ಕಳೆದ ಮೇಲೆ ನಾನೇ ಹೋಗಿ ಆಗಲಿ ಅಂದೆ. ಹೊಸ ಹುಡುಗ ಹುಡುಗಿಯರು ಪಟ್ಟಿಗಳನ್ನು ಮುಟ್ಟಿ, ಹಿಂಡಿ, ನೀರು ಸುರಿದು ನೋಡಿದರು. ಅಂಚನ್ನು ಬೆರಳಿಂದ ಎಳೆದು ನೋಡಿದರು. ಆ ಒಂದು ಗಂಟೆ ನಾನು ಮತ್ತೆ ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಆಗಿದ್ದೆ. ಕೊನೆಗೆ ಹಿಂದೆ ಕೂತು ಬರೆದುಕೊಳ್ಳುತ್ತಿದ್ದ ಅವಳು ಎದ್ದು ಬಂದು, ನಾನು ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ನಾಲ್ಕು ಸಾಲಿನಲ್ಲಿ ಬರೆದಳು. ನನಗಿಂತ ಚೆನ್ನಾಗಿ ಹೇಳಿದಳು. ಹುಡುಗರೆಲ್ಲ ಆ ನಾಲ್ಕು ಸಾಲಿನ ಫೋಟೋ ತೆಗೆದುಕೊಂಡರು. ನಾನು ಪಟ್ಟಿಗಳನ್ನು ಡಬ್ಬಿಗೆ ತುಂಬಿಕೊಂಡೆ.

ಈಗಲೂ ತಿಂಗಳಿಗೊಂದು ಭಾನುವಾರ ಅವಳು ನಮ್ಮ ಮನೆಗೆ ಬರುತ್ತಾಳೆ. ನನಗಾಗಿ ಬರುವುದಲ್ಲ, ಅದು ನಮಗಿಬ್ಬರಿಗೂ ಗೊತ್ತು. ಅವ್ವ ರೊಟ್ಟಿ ಬಡಿಯಲು ಕೂರುತ್ತಾಳೆ. ಅವಳು ಪಕ್ಕದಲ್ಲಿ ಕೂತು ಬಡಿಯಲು ಕಲಿಯುತ್ತಾಳೆ, ಅವಳ ರೊಟ್ಟಿ ಹರಿಯುತ್ತದೆ, ಇಬ್ಬರೂ ನಗುತ್ತಾರೆ. ನನ್ನ ರೊಟ್ಟಿ ಒಂದು ದಿನವೂ ಹರಿದಿಲ್ಲ. ಅದನ್ನು ನೋಡಿ ಯಾರೂ ನಕ್ಕಿಲ್ಲ.

ಅವ್ವನ ಪಾದವನ್ನು ದಿನಾ ನೋಡುವವಳು ನಾನು. ಆದರೆ ಅವಳು ಬಂದ ದಿನ ಊಟ ಆದ ಮೇಲೆ ಅವ್ವ ಮಂಚದ ಮೇಲೆ ಕಾಲು ಚಾಚಿ, "ನೀನೂ ಒಮ್ಮೆ ನೋಡವ್ವ," ಅನ್ನುತ್ತಾಳೆ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಂದಿಯಲ್ಲಿ ನೋಡುತ್ತಾಳೆ. ಬೆಳಕು ಸಾಲದಿದ್ದರೆ, "ಅಕ್ಕ, ಮೊಬೈಲ್ ಟಾರ್ಚ್ ಸ್ವಲ್ಪ ಹಿಡೀತೀರಾ?" ಅನ್ನುತ್ತಾಳೆ. ನಾನು ಪಕ್ಕದಲ್ಲಿ ನಿಂತು ಹಿಡಿಯುತ್ತೇನೆ.